ಹೊಳೆ ಬಂದ್ ಮಾಡುವವನು

ಮೇಜಿನ ಖಾನೆ ಚೊಕ್ಕ ಮಾಡುವಾಗ ಒಂದು ನೀಲಿ ಪೆನ್ಸಿಲ್ಲಿನ ತುಂಡು ಸಿಕ್ಕಿತು. ಕಿರುಬೆರಳಿನ ಅರ್ಧದಷ್ಟಿದೆ. ಮೂವತ್ತು ವರ್ಷ ಸಿಂಧನೂರಿನಲ್ಲಿ ಸಮಾಜ ವಿಜ್ಞಾನ ಕಲಿಸಿದವನ ಮನೆಯಲ್ಲಿ ಇಂಥ ತುಂಡುಗಳಿಗೇನೂ ಕೊರತೆಯಿಲ್ಲ. ಆದರೆ ಕೆಂಪು, ಹಸಿರು, ಕಂದು ಇನ್ನೂ ಉದ್ದವಿರುವಾಗಲೇ ನೀಲಿ ಮುಗಿದುಹೋಗುತ್ತಿತ್ತು. ಸಿಂಧನೂರು ತಾಲ್ಲೂಕಿನ ನಕಾಶೆ ಬರೆಯಲು ಕುಳಿತರೆ ನೀಲಿಗೆ ಬಿಡುವೆಂಬುದಿಲ್ಲ. ತೆಂಕಣದ ಅಂಚಿನುದ್ದಕ್ಕೂ ತುಂಗಭದ್ರೆ, ನಡುವೆ ಎಡದಂಡೆ ಕಾಲುವೆ, ಅದರಿಂದ ಒಡೆದ ಉಪಕಾಲುವೆಗಳು, ಅವುಗಳಿಂದ ಒಡೆದ ಹೊಲಗಾಲುವೆಗಳು. ಎಲ್ಲವನ್ನೂ ಬರೆದು ಮುಗಿಸುವಷ್ಟರಲ್ಲಿ ಹುಡುಗರ ಅಂಗೈ ಕೂಡ ನೀಲಿಯಾಗಿರುತ್ತಿತ್ತು.

ನಾನು ಹುಡುಗನಾಗಿದ್ದಾಗ ಹೀಗಿರಲಿಲ್ಲ. ನಾನು ಪಾಮನಕಲ್ಲೂರಿನವನು. ಆಗ ನಮ್ಮೂರು ಲಿಂಗಸುಗೂರು ತಾಲ್ಲೂಕಿನಲ್ಲಿತ್ತು, ಈಗ ಮಸ್ಕಿ ತಾಲ್ಲೂಕಿಗೆ ಸೇರಿದೆ. ಊರು ಇದ್ದಲ್ಲಿಯೇ ಇದೆ, ತಾಲ್ಲೂಕು ಬಂದು ಹೋಗುತ್ತದೆ. ನಮ್ಮ ಶಾಲೆಯಲ್ಲಿ ಊರಿನ ನಕಾಶೆ ಬರೆಯಿರೆಂದರೆ ನಾವು ಕಂದು ಮತ್ತು ಕಪ್ಪಿನಲ್ಲೇ ಮುಗಿಸುತ್ತಿದ್ದೆವು. ಕರಿಮಣ್ಣಿನ ಎರೆ ಹೊಲ, ಕೆಮ್ಮಣ್ಣಿನ ಮಸಾರಿ ಹೊಲ, ಒಂದು ಗುಡ್ಡ, ಹನುಮಪ್ಪನ ಗುಡಿ, ಎರಡು ಬಾವಿ. ನೀಲಿ ಪೆನ್ಸಿಲ್ಲು ತಂದಾಗ ಎಷ್ಟುದ್ದ ಇತ್ತೋ ವರ್ಷದ ಕೊನೆಗೂ ಅಷ್ಟೇ ಉದ್ದ ಇರುತ್ತಿತ್ತು. ಒಮ್ಮೆ ಬೇಸತ್ತು ಬಾವಿಯನ್ನೇ ಊರಿನ ಅರ್ಧದಷ್ಟು ದೊಡ್ಡದಾಗಿ ಬರೆದು ನೀಲಿ ತುಂಬಿದ್ದೆ. ಮಾಸ್ತರು ನೋಡಿ, "ಲೇ ವೀರೇಶ, ಇಷ್ಟು ದೊಡ್ಡ ಬಾವಿ ಇದ್ರ ನಾ ಯಾಕ ವರ್ಗ ಮಾಡ್ಸಿಕೊಂಡು ಹೋಗಾಕ ಓಡ್ಯಾಡ್ತಿದ್ದೆ?" ಎಂದಿದ್ದರು.

ನನಗೆ ಈ ಸೀಮೆಯ ಭೂಗೋಳ ಅರ್ಥವಾದದ್ದು ಪುಸ್ತಕದಿಂದಲ್ಲ, ಜನ ಯಾವ ಕಡೆಗೆ ನೋಡುತ್ತಾರೆ ಎನ್ನುವುದರಿಂದ. ಪಾಮನಕಲ್ಲೂರಿನವರು ಮೇಲೆ ನೋಡುತ್ತಾರೆ, ಮೋಡ ಬಂತೋ ಇಲ್ಲವೋ ಎಂದು. ಚಿನ್ನದ ಗಣಿಯ ಹಟ್ಟಿಯವರು ಕೆಳಗೆ ನೋಡುತ್ತಾರೆ, ಅವರ ಅನ್ನ ನೆಲದ ಹೊಟ್ಟೆಯಲ್ಲಿದೆ. ಅಲ್ಲಿ ಗಣಿಯಲ್ಲಿ ಶಿಫ್ಟು ಮಾಡುತ್ತಿದ್ದ ನನ್ನ ಚಿಕ್ಕಪ್ಪ ನಮ್ಮೂರಿಗೆ ಬಂದರೆ ಹಗಲು ಹೊತ್ತಿನಲ್ಲೇ ಗೊರಕೆ ಹೊಡೆಯುತ್ತಿದ್ದ. ಅವನ ಮುಖ ನೋಡಿ ಇಂದು ಯಾವ ಶಿಫ್ಟೆಂದು ಅಜ್ಜಿ ಹೇಳುತ್ತಿದ್ದಳು. ಸಿಂಧನೂರಿನವರು ಮೇಲೂ ನೋಡುವುದಿಲ್ಲ, ಕೆಳಗೂ ನೋಡುವುದಿಲ್ಲ. ಅವರು ಪಡುವಣಕ್ಕೆ, ಕಾಲುವೆ ಬರುವ ದಿಕ್ಕಿಗೆ ನೋಡುತ್ತಾರೆ. ನೀರು ಬಿಟ್ಟರೇ, ಯಾವಾಗ ಬಿಡುತ್ತಾರೆ, ಯಾವಾಗ ಬಂದ್ ಮಾಡುತ್ತಾರೆ, ಇದೇ ಅವರ ಪಂಚಾಂಗ.

ಇತಿಹಾಸ ಕಲಿತದ್ದಂತೂ ಮಸ್ಕಿ ಗುಡ್ಡದಲ್ಲಿ. ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ಚಕ್ರವರ್ತಿ ಅಲ್ಲಿನ ಬಂಡೆಯ ಮೇಲೆ ಮಾತು ಬರೆಸಿದ್ದಾನೆ. ಆಮೇಲೆ ಅದೆಷ್ಟೋ ಕಾಲ ಆ ಲಿಪಿ ಓದಲು ಬರುವವರೇ ಇರಲಿಲ್ಲ. ಕುರಿ ಕಾಯುವವರು ಅದೇ ಬಂಡೆಗೆ ಬೆನ್ನು ಕೊಟ್ಟು ಕುಳಿತು ಬುತ್ತಿ ಬಿಚ್ಚುತ್ತಿದ್ದರಂತೆ. ಆಮೇಲೆ ಯಾರ್ಯಾರೋ ಆಳಿದರು. ಕೊನೆಗೆ ಬಂದ ನಿಜಾಮರ ರಾಜ್ಯದ ಗುರುತು ನಮ್ಮ ಬಾಯಲ್ಲೇ ಇದೆ. ನಮ್ಮಪ್ಪನಿಗೆ ಉರ್ದು ಓದಲು ಬರುತ್ತಿತ್ತು, ಕನ್ನಡ ಓದಲು ತಡವರಿಸುತ್ತಿದ್ದ. ಹೊಲದ ಹಳೆಯ ಕಾಗದ ಅವನಿಗೆ ತಿಳಿಯುತ್ತಿತ್ತು, ನನ್ನ ಪಠ್ಯಪುಸ್ತಕ ತಿಳಿಯುತ್ತಿರಲಿಲ್ಲ. ನನಗೆ ಅದರ ಉಲ್ಟಾ. ಹೀಗೆ ಒಂದೇ ಮನೆಯಲ್ಲಿ ಎರಡು ರಾಜ್ಯಗಳು ಒಂದೇ ತಾಟಿನಲ್ಲಿ ಉಣ್ಣುತ್ತಿದ್ದವು.

ಇಷ್ಟೆಲ್ಲ ನೆನಪಾಗಲು ಒಂದು ಕಾರಣವಿದೆ. ನನ್ನ ಕೈಯಲ್ಲಿ ಕಲಿತ ಹುಡುಗಿಯೊಬ್ಬಳು ಈಗ ಹಳ್ಳಿಯ ಶಾಲೆಯೊಂದಕ್ಕೆ ಮುಖ್ಯೋಪಾಧ್ಯಾಯಿನಿ. ಅವರ ಶಾಲೆಯಿಂದ ಸ್ಮರಣ ಸಂಚಿಕೆ ತರುತ್ತಾರಂತೆ. ಮನೆಗೇ ಬಂದು, "ಸರ್, ನಮ್ಮ ತಾಲ್ಲೂಕಿನ ಬಗ್ಗೆ ನಾಕು ಪುಟ ಬರದು ಕೊಡ್ರಿ. ಹೊಳಿ, ಕಾಲುವಿ, ನೆಲ್ಲು, ಹಳೇ ಇತಿಹಾಸ ಎಲ್ಲಾ ಬರಲ್ರಿ. ನಿಮಗ ಅದು ಬಾಯಿಪಾಠ ಐತ್ರಿ" ಎಂದಳು. ನಾನು ಉಬ್ಬಿಹೋದೆ. ನಿವೃತ್ತನಾದ ಮಾಸ್ತರನಿಗೆ ಯಾರಾದರೂ ಬಂದು ಏನಾದರೂ ಕೇಳಿದರೆ ಸಾಕು, ಅವನು ಎದ್ದು ಕನ್ನಡಕ ಹುಡುಕುತ್ತಾನೆ.

ಮೂರು ಪುಟ ಸರಸರ ಬಂದವು. ನಾಲ್ಕನೆಯದರ ತಲೆಯಲ್ಲಿ "ತುಂಗಭದ್ರೆ ನಮ್ಮ ತಾಲ್ಲೂಕಿನ ಜೀವನದಿ" ಎಂದು ಬರೆದೆ. ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದ ವಾಕ್ಯ. ಆದರೆ ಅದರ ಮುಂದೆ ಒಂದಕ್ಷರವೂ ಬರಲಿಲ್ಲ. ಎರಡು ದಿನ ಹಾಗೇ ಕೂತೆ. ಯಾಕೆ ಬರಲಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಅದನ್ನು ನಿಮಗೂ ಹೇಳಬೇಕು, ಆದರೆ ಮೊದಲು ನಾನು ಹೊಳೆ ನೋಡಿದ ದಿನದಿಂದ ಹೇಳಬೇಕಾಗುತ್ತದೆ.

ನನ್ನ ಅಕ್ಕ ಶರಣಮ್ಮನನ್ನು ಮುಕ್ಕುಂದಕ್ಕೆ ಕೊಟ್ಟಾಗ ನನಗೆ ಎಂಟು ವರ್ಷ. ಮಳೆ ನಂಬಿದ ಊರಿನ ಹುಡುಗಿ, ಹೊಳೆ ದಂಡೆಯ ಊರಿಗೆ ಸೊಸೆ. ಮದುವೆಯಾದ ಮೇಲೆ ಅವ್ವ ಕೊಟ್ಟ ಕಟಕರೊಟ್ಟಿಯ ಗಂಟು ಹೊತ್ತುಕೊಂಡು ನಾನೂ ಅಪ್ಪನೂ ಅವಳನ್ನು ನೋಡಲು ಹೊರಟೆವು. ಅನ್ನದ ಊರಿನಲ್ಲಿ ಮಗಳು ಜೋಳದ ರೊಟ್ಟಿಯಿಲ್ಲದೆ ಸೊರಗಿರುತ್ತಾಳೆ ಎಂದು ಅವ್ವನ ಚಿಂತೆ. ಸಿಂಧನೂರಿನ ಹತ್ತಿರ ಬಸ್ಸು ಕೆಟ್ಟು ನಿಂತಿತು. ಅಲ್ಲೇ ನಾನು ಮೊದಲ ಸಲ ಕಾಲುವೆ ನೋಡಿದ್ದು. ದಂಡೆಗೆ ದಂಡೆ ತುಂಬಿ ಹೋಗುತ್ತಿದ್ದ ನೀರು. ಮಳೆಯಿಲ್ಲ, ಮೋಡವಿಲ್ಲ, ಆದರೂ ಇಷ್ಟು ನೀರು! ಅಪ್ಪ ಗೇಟು ತೋರಿಸಿ, "ಇದನ್ನ ಎತ್ತಿದ್ರ ನೀರು ಬರ್ತಾವು, ಇಳಿಸಿದ್ರ ನಿಲ್ತಾವು. ಬ್ಯಾಸಗಿ ಬಂತಂದ್ರ ಎಲ್ಲಾ ಬಂದ್ ಮಾಡ್ತಾರ" ಎಂದ. ನಲ್ಲಿಯನ್ನೇ ಕಾಣದ ನನಗೆ ಇದೊಂದು ದೊಡ್ಡ ಜ್ಞಾನ.

ಸಂಜೆ ಮುಕ್ಕುಂದದಲ್ಲಿ ಅಕ್ಕನ ಗಂಡ, ಅಮರೇಶಪ್ಪ ಮಾವ, ನನ್ನನ್ನು ಹೊಳೆಗೆ ಕರೆದೊಯ್ದ. ಬಂಡೆಗಳ ನಡುವೆ ಹರಿದಾಡುವ ತುಂಗಭದ್ರೆ. ಆಚೆಯ ದಂಡೆ ಬಳ್ಳಾರಿ ಸೀಮೆ, ನಡುವೆ ಒಂದು ಹರಿಗೋಲು ಗರಗರ ತಿರುಗುತ್ತ ಬರುತ್ತಿತ್ತು. ನಾಲ್ಕೈದು ಮಂದಿ ದಂಡೆಯ ಮೇಲೆ ಕೂತಿದ್ದರು. ನಾನು ಬಹಳ ಹೊತ್ತು ನೋಡಿ, ತಿಳಿದವನ ಹಾಗೆ ಕೇಳಿದೆ: "ಮಾವ, ಇದನ್ನ ಯಾವಾಗ ಬಂದ್ ಮಾಡ್ತಾರ?"

ದಂಡೆಯೆಲ್ಲ ನಕ್ಕಿತು. ಹರಿಗೋಲಿನವನೂ ಹುಟ್ಟು ಬಿಟ್ಟು ನಕ್ಕ. ಮಾವನಿಗಂತೂ ಕಣ್ಣಲ್ಲಿ ನೀರು ಬಂತು. "ಹೊಳಿ ಬಂದ್ ಮಾಡಾವ ಬಂದಾನ್ರೋ!" ಎಂದು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ಸುತ್ತಿದ. ಅಂದಿನಿಂದ ಮುಕ್ಕುಂದದಲ್ಲಿ ನನಗೆ ಅದೇ ಹೆಸರು. ನಾನು ಹೈಸ್ಕೂಲು ಮುಗಿಸಿದೆ, ಕಾಲೇಜು ಮುಗಿಸಿದೆ, ಸಿಂಧನೂರಿನಲ್ಲಿ ಮಾಸ್ತರನಾದೆ, ನನಗೂ ಮದುವೆಯಾಯಿತು. ಬಸ್ಸಿನಿಂದ ಇಳಿದರೆ ಮಾತ್ರ ಹೋಟೆಲಿನ ಕಟ್ಟೆಯಿಂದ, "ಹೊಳಿ ಬಂದ್ ಮಾಡಾವ ಬಂದ ನೋಡ್ರಿ" ಎಂಬ ಕೂಗು ತಪ್ಪಲಿಲ್ಲ. ನನಗೆ ಸಿಟ್ಟಿರಲಿಲ್ಲ. ಮಾವನಷ್ಟು ಪ್ರೀತಿಯಿಂದ ನನ್ನನ್ನು ಇನ್ಯಾರೂ ಹಂಗಿಸಿಲ್ಲ. ಹೆಂಡತಿಯ ತಮ್ಮ ಬಂದನೆಂದು ನನ್ನನ್ನು ಹೊಳೆಗೆ ಕರೆದೊಯ್ದು, ಅಲ್ಲಿ ಮೀನು ಹಿಡಿಯುವವರನ್ನು ಹುಡುಗಾಟಕ್ಕೆ ಬೈದು, ಮನೆಗೆ ಬಂದು ಅಕ್ಕನಿಗೆ ಶೇಂಗಾ ಹೋಳಿಗೆ ಮಾಡಲು ಹೇಳುವ ಮನುಷ್ಯ. ನಮ್ಮಂತೆ ಅವನದೂ ಲಿಂಗ ಕಟ್ಟಿದ ಮನೆ, ಮೀನಿನ ವಾಸನೆಗೇ ಮೂಗು ಮುರಿಯುತ್ತಿದ್ದ. ಹೊಳೆಯಲ್ಲಿ ಅವನಿಗೆ ಹಿಡಿಸದಿದ್ದದ್ದು ಅದೊಂದೇ.

ಈಗ ನಾನು ಬರೆಯಲಾರದೆ ನಿಂತ ಜಾಗಕ್ಕೆ ಬರುತ್ತೇನೆ.

ಆಗ ನನಗೆ ಮೂವತ್ತು ದಾಟಿತ್ತು. ಶ್ರಾವಣ. ನಮ್ಮ ಕಡೆ ಹನಿ ಮಳೆಯಿಲ್ಲ, ಆಕಾಶ ತೊಳೆದಿಟ್ಟ ಹಾಗೆ ಇತ್ತು. ಆದರೆ ಮೇಲೆ, ಎಲ್ಲೋ ಮಲೆನಾಡಿನಲ್ಲಿ ಸುರಿಯುತ್ತಿತ್ತು. ಶನಿವಾರ ಮುಂಜಾನೆಯ ಶಾಲೆ ಮುಗಿಸಿ ಬಸ್ ಸ್ಟ್ಯಾಂಡಿಗೆ ಬಂದರೆ, ಆಣೆಕಟ್ಟೆ ತುಂಬಿದೆ, ಹೊಳೆಗೆ ನೀರು ಬಿಟ್ಟಿದ್ದಾರೆ, ಇನ್ನೂ ಬಿಡುತ್ತಾರೆ ಎಂದು ಎಲ್ಲರ ಬಾಯಲ್ಲೂ ಅದೇ ಮಾತು. ರೇಡಿಯೋದಲ್ಲೂ ಹೇಳಿದರಂತೆ. ನನಗೆ ಮಾವನ ಇಂಜಿನ್ ನೆನಪಾಯಿತು. ಹೊಳೆಯ ನೀರು ಗದ್ದೆಗೆ ಎತ್ತಲು ಅವನು ಒಂದು ಡೀಸೆಲ್ ಇಂಜಿನ್ ಕೊಂಡಿದ್ದ. ಅದನ್ನು ಹೊಳೆಯ ಒಡಲಲ್ಲೇ, ಬಂಡೆಯ ಮಗ್ಗುಲಿಗೆ ಇಟ್ಟಿರುತ್ತಿದ್ದ. ಎಳೆಯ ಮಗನ ಹಾಗೆ ಅದನ್ನು ಒರೆಸುತ್ತಿದ್ದ.

ಹೇಳಿ ಬರೋಣವೆಂದು ಮುಕ್ಕುಂದದ ಬಸ್ಸು ಹತ್ತಿದೆ. ಇಳಿದ ಕೂಡಲೇ ಹೋಟೆಲಿನ ಕಟ್ಟೆಯ ಮೇಲೆ ಮಾವ ಸಿಕ್ಕ. ಆಳುಗಳ ಜೊತೆ ಮಂಡಾಳ ಒಗ್ಗರಣೆ, ಮಿರ್ಚಿ ತಿನ್ನುತ್ತಿದ್ದ.

"ಮಾವ, ಹೊಳಿಗೆ ನೀರು ಬಿಟ್ಟಾರಂತ. ಜೋರು ಬರ್ತಾವಂತ. ಇಂಜಿನ್ ಇವತ್ತ ಮ್ಯಾಲಕ್ಕ ತಗೋ" ಎಂದೆ.

ಮಾವ ಕೈಯಲ್ಲಿದ್ದ ಮಿರ್ಚಿಯನ್ನು ತಾಟಿನಲ್ಲಿ ಇಟ್ಟ. ಆಕಾಶ ನೋಡಿದ. ಆಮೇಲೆ ಕಟ್ಟೆಯ ಮೇಲಿದ್ದವರನ್ನು ನೋಡಿದ. "ಕೇಳಿದ್ರೇನ್ರಪಾ? ಸಣ್ಣಾಂವ ಇದ್ದಾಗ ಹೊಳಿ ಬಂದ್ ಮಾಡಾಕ ಬಂದಿದ್ದ. ಈಗ ಮಾಸ್ತರ ಆಗ್ಯಾನ, ಬಿಡಾಕ ಬಂದಾನ!"

ಕಟ್ಟೆ ಎಲ್ಲ ನಕ್ಕಿತು. ನಾನೂ ನಕ್ಕೆ. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೂ ಬರೆಯುತ್ತೇನೆ: ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ಹಂಗಿಸಿಕೊಂಡವನು ಮುಖ ಉಳಿಸಿಕೊಳ್ಳಲು ನಗುತ್ತಾನಲ್ಲ, ಹಾಗೆ. ಇನ್ನೊಮ್ಮೆ ಗಟ್ಟಿಯಾಗಿ ಹೇಳಬೇಕಿತ್ತು. ಕೈಹಿಡಿದು ಎಬ್ಬಿಸಿಕೊಂಡು ಹೊಳೆಗೆ ಹೋಗಬೇಕಿತ್ತು. ಅದು ಬಿಟ್ಟು, ಅವನು ಕೊಡಿಸಿದ ಮಿರ್ಚಿ ತಿಂದೆ. "ನಾಳಿ ಮುಂಜಾನೆ ತಗೋತೀನಿ ಬಿಡೋ. ಮನಿಗೆ ನಡಿ, ಅಕ್ಕ ಅದಾಳ" ಎಂದ. ಮನೆಗೆ ಹೋದರೆ ಅಲ್ಲೂ ಇದೇ ನಗೆ ಎಂದುಕೊಂಡು, ಕೆಲಸವಿದೆಯೆಂದು ಸುಳ್ಳು ಹೇಳಿ, ಅದೇ ಬಸ್ಸಿಗೆ ವಾಪಸಾದೆ.

ಮಾವ ಮಾತಿನಂತೆ ಮರುದಿನ ಮುಂಜಾನೆ ಇಂಜಿನ್ ತರಲು ಹೋದ. ಹೊಳೆ ಅದಕ್ಕೂ ಮೊದಲೇ ಬಂದಿತ್ತು. ಬಂಡೆಯ ಸುತ್ತ ಮೊಣಕಾಲು ಮಟ್ಟ ನೀರಿದೆ, ಇಷ್ಟರಲ್ಲಿ ಎತ್ತಿಬಿಡೋಣ ಎಂದು ಇಳಿದನಂತೆ. ದಂಡೆಯ ಮೇಲೆ ನಿಂತವರು ಬೇಡವೆಂದು ಕೂಗುತ್ತಿದ್ದರಂತೆ. ನೀರು ಒಮ್ಮೆಲೇ ಏರಿತು. ಮೂರನೆಯ ದಿನ ಕೆಳಗಿನ ಊರಿನವರು ಹೇಳಿ ಕಳಿಸಿದರು.

ಹದಿನೈದು ದಿನಕ್ಕೆ ಹೊಳೆ ಇಳಿಯಿತು. ಇಂಜಿನ್ ಇಟ್ಟಲ್ಲೇ ಇತ್ತು. ಬಂಡೆಯ ಮಗ್ಗುಲಲ್ಲಿ, ರೇವೆ ಮಣ್ಣಿನಲ್ಲಿ ಅರ್ಧ ಹೂತು, ಸ್ವಲ್ಪವೂ ಅಲುಗದೆ. ಅಕ್ಕ ಅದನ್ನು ಕಿತ್ತಿಸಿ, ಸಿಂಧನೂರಿಗೆ ಕಳಿಸಿ, ಬಿಚ್ಚಿ ತೊಳೆಸಿದಳು. ಎಷ್ಟೋ ವರ್ಷ ಅದರಿಂದಲೇ ಗದ್ದೆಗೆ ನೀರು ಎತ್ತಿಸಿ, ಇಬ್ಬರು ಮಕ್ಕಳನ್ನು ದಡ ಮುಟ್ಟಿಸಿದಳು. ಪ್ರತಿ ವರ್ಷ ಹೊಸ ನೀರು ಬಂದಾಗ ಮುಕ್ಕುಂದದ ಹೆಂಗಸರು ಹೊಳೆಗೆ ಉಡಿ ತುಂಬುತ್ತಾರೆ, ಮನೆಮಗಳಿಗೆ ತುಂಬಿದ ಹಾಗೆ, ಕುಬಸ, ಅಕ್ಕಿ, ಕೊಬ್ಬರಿ ಬಟ್ಟಲು ಇಟ್ಟು. ಮುಂದಿನ ವರ್ಷ ಅಕ್ಕನ ಮನೆಯಿಂದಲೂ ಉಡಿಯ ಸಾಮಾನು ಹೋಯಿತು. ಗಂಡನ್ನ ನುಂಗಿದ ಹೊಳಿಗೆ ಯಾಕ ಎಂದು ಯಾರೋ ಕೇಳಿದ್ದಕ್ಕೆ, "ಹೊಳಿ ಏನ್ ಮಾಡೀತವಾ? ಬಿಟ್ಟ ನೀರು ಬರಬೇಕು, ಬಂತು" ಎಂದಳಂತೆ.

ನಾನು ಆ ಶನಿವಾರ ಬಂದು ಹೋದದ್ದನ್ನು ಅಕ್ಕನಿಗೆ ಹೇಳಲಿಲ್ಲ. ಮಣ್ಣಿನ ದಿನ ಹೇಳುವಂತಿರಲಿಲ್ಲ. ಆಮೇಲೆ ತಿಂಗಳು ಕಳೆಯಲಿ ಎಂದುಕೊಂಡೆ, ವರ್ಷ ಕಳೆಯಲಿ ಎಂದುಕೊಂಡೆ. ಕಟ್ಟೆಯ ಮೇಲೆ ಅಂದು ನಕ್ಕವರೂ ಬಾಯಿ ಬಿಡಲಿಲ್ಲ, ಅವರಿಗೂ ಅವರವರ ಸಂಕಟ. ಒಂದು ಮಾತ್ರ ಆಯಿತು. ಮಾವ ಹೋದ ದಿನದಿಂದ ಮುಕ್ಕುಂದದಲ್ಲಿ ನನ್ನನ್ನು ಎಲ್ಲರೂ "ಮಾಸ್ತರ್ರ" ಎಂದು ಮರ್ಯಾದೆಯಿಂದ ಕರೆಯತೊಡಗಿದರು. ಆ ಮರ್ಯಾದೆ ನನಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ತರಗತಿಯಲ್ಲಿ ಹೊಳೆ, ಆಣೆಕಟ್ಟೆ, ನೀರಾವರಿ ಎಂದು ಪಾಠ ಮಾಡುವಾಗ ಎಂಟು ವರ್ಷದ ಹುಡುಗನ ಪ್ರಶ್ನೆಯಲ್ಲಿ ತಪ್ಪೇನಿತ್ತು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಮೇಲೆ ಆಣೆಕಟ್ಟೆ ಕಟ್ಟಿದ ಮೇಲೆ ಹೊಳೆಗೂ ಗೇಟು ಬಂದಿತ್ತು. ಹೊಳೆಯ ದಂಡೆಯಲ್ಲೇ ಹುಟ್ಟಿ ಬೆಳೆದ ಮಾವನಿಗೆ ಅದು ಗೊತ್ತಿರಲಿಲ್ಲವೆಂದಲ್ಲ, ಗೊತ್ತಿತ್ತು. ಆದರೂ ಅವನು ಆಕಾಶವನ್ನೇ ನೋಡಿದ.

ನಾಲ್ಕನೆಯ ಪುಟ ಹಾಗೇ ಉಳಿದು ವಾರವಾದಾಗ, ಬರೆದ ಮೂರು ಪುಟ ತೆಗೆದುಕೊಂಡು ಮುಕ್ಕುಂದಕ್ಕೆ ಹೋದೆ. ಅಕ್ಕನಿಗೆ ಈಗ ಎಂಬತ್ತರ ಸಮೀಪ. ಪಡಸಾಲೆಯಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಸೊಸೆ ನೀರು ತಂದಿಟ್ಟು ಗದ್ದೆಗೆ ಬುತ್ತಿ ಒಯ್ದಳು. ಮನೆಯಲ್ಲಿ ನಾವಿಬ್ಬರೇ.

"ಏನ್ ಕಾಗದ ತಮ್ಮಾ ಅವು?" ಎಂದಳು.

"ನಮ್ಮ ತಾಲ್ಲೂಕಿನ ಬಗ್ಗೆ ಬರದೀನಿ ಬೇ ಅಕ್ಕ. ಓದ್ಲೇನು?"

"ಓದು. ಕಿವಿ ಇನ್ನೂ ಅದಾವು."

ಓದಿದೆ. ಮಸ್ಕಿಯ ಬಂಡೆಗೆ ತಲೆಯಾಡಿಸಿದಳು. ಕಾಲುವೆ ಬಂದ ಮೇಲೆ ತೆಲುಗು ಸೀಮೆಯಿಂದ ಬಂದವರು ಕ್ಯಾಂಪು ಎಂಬ ಹೊಸ ಊರುಗಳನ್ನು ಕಟ್ಟಿಕೊಂಡದ್ದು ಓದಿದಾಗ, "ನಾಟಿ ಹಚ್ಚೋದು ನನಗ ಕಲಿಸಿದಾಕಿ ಕ್ಯಾಂಪಿನ ಸುಬ್ಬಮ್ಮ. ಆಕಿ ಹೆಸರು ಹಾಕಿಯೇನು?" ಎಂದಳು. ಹಾಕಿರಲಿಲ್ಲ. ಹೊಳೆ ತಾಲ್ಲೂಕಿನ ಗಡಿ ಎಂದು ಓದಿದಾಗ ಮೊರ ನಿಲ್ಲಿಸಿದಳು. "ಗಡಿ ಹ್ಯಾಂಗ ಆಕ್ಕೈತೋ? ನನ್ನ ನೆಗೆಣ್ಣಿ ತವರುಮನಿ ಆಚಿ ದಂಡ್ಯಾಗ ಐತಿ. ಹರಗೋಲದಾಗ ಹೋಗಿ ಹಬ್ಬ ಮಾಡಿ ಬರ್ತಿದ್ವಿ. ಹಂಗ ಬರೀಬ್ಯಾಡ." ಭೂಗೋಳದ ಮಾಸ್ತರ ತನ್ನ ವಾಕ್ಯದ ಮೇಲೆ ಗೆರೆ ಎಳೆದ.

ಮೂರನೆಯ ಪುಟ ಮುಗಿಯಿತು.

"ಹೊಳಿದು ಬರದಿಲ್ಲೇನು?"

"ಬರಿಯಾಕ ಬರವಲ್ದು ಅಕ್ಕ." ಕಾಗದ ಮಡಚಿಟ್ಟು, ತಲೆ ತಗ್ಗಿಸಿಕೊಂಡೇ ಹೇಳಿದೆ. "ಮಾವ ಹೋಗೋ ಹಿಂದಿನ ದಿನ ನಾ ಬಂದಿದ್ದೆ. ನೀರು ಬಿಟ್ಟಾರ ಅಂತ ಹೇಳಾಕ ಬಂದಿದ್ದೆ. ಕಟ್ಟಿ ಮ್ಯಾಲ ಎಲ್ಲಾರೂ ನಕ್ರು. ನಾನೂ ನಕ್ಕೊಂತ ಹೊಳ್ಳಿ ಹೋದೆ. ನಿನ್ನ ತನಕ ಬರಲಿಲ್ಲ. ಬಂದು ನಿನಗ ಹೇಳಿದ್ರ, ನೀನಾದ್ರೂ ಅವತ್ತ ಕಳಸ್ತಿದ್ದಿ."

ಅಕ್ಕ ಅಕ್ಕಿಯಲ್ಲಿದ್ದ ಒಂದು ಕಲ್ಲನ್ನು ತೆಗೆದು ಅಂಗಳಕ್ಕೆ ಎಸೆದಳು.

"ನನಗ ಗೊತ್ತೈತಿ" ಎಂದಳು.

ನಾನು ತಲೆ ಎತ್ತಿದೆ.

"ಅವತ್ತ ಸಂಜಿಗೆ ಉಣ್ಣಾಕ ಕುಂತು ಅವ್ರ ಹೇಳಿದ್ರು. ನಿನ್ನ ತಮ್ಮ ಬಂದಿದ್ದ, ಹೊಳಿ ಬರ್ತೈತಿ ಅಂತ ಹೇಳಿ ಹೋದ ಅಂದ್ರು. ನಕ್ಕೊಂತ ಹೇಳಿದ್ರು." ಅಕ್ಕನ ಕೈ ಮೊರದ ಅಂಚಿನ ಮೇಲೆ ನಿಂತಿತು. "ನಾನೂ ನಕ್ಕೆ ತಮ್ಮಾ. ರೊಟ್ಟಿ ನೀಡಾಕ ಬಗ್ಗಿದಾಕಿ ಹಂಗ ಕುಂತು ನಕ್ಕೆ. ಹೋಗಿ ನೋಡಿ ಬರ್ರಿ ಅಂತ ಒಂದು ಮಾತು ಅನಲಿಲ್ಲ."

ಹೊರಗೆ ಯಾರದೋ ಟ್ರ್ಯಾಕ್ಟರು ಹೋಯಿತು. ಅಕ್ಕ ಮತ್ತೆ ಅಕ್ಕಿಯಲ್ಲಿ ಕಲ್ಲು ಹುಡುಕತೊಡಗಿದಳು.

"ಮತ್ತ ಇಷ್ಟು ವರ್ಷ ನನಗ್ಯಾಕ ಹೇಳಲಿಲ್ಲ ಬೇ?" ಎಂದೆ. ನನ್ನ ದನಿಯಲ್ಲಿ ಸಿಟ್ಟಿತ್ತು, ನಿಜ. ಇಷ್ಟು ಕಾಲ ಒಬ್ಬನೇ ಹೊತ್ತೆನಲ್ಲ ಎಂಬ ಸಿಟ್ಟು.

"ನೀ ಹೇಳ್ತಿ ಅಂತ ಕಾಯಾಕತ್ತಿದ್ದೆ" ಎಂದಳು ಅಕ್ಕ. "ನೀ ಬಂದಾಗೊಮ್ಮೆ, ಇವತ್ತ ಹೇಳ್ತಾನ, ಇವತ್ತ ಹೇಳ್ತಾನ ಅಂತ ನಿನ್ನ ಮಾರಿ ನೋಡ್ತಿದ್ದೆ. ಮಕ್ಕಳ ಮುಂದ ಹೇಳಾಕ ಆಗ್ತಿದ್ದಿಲ್ಲ. ಅತ್ತಿ ಮುಂದ ಹೇಳಾಕ ಆಗ್ತಿದ್ದಿಲ್ಲ. ನೀ ಬಾಯಿ ಬಿಟ್ಟಿದ್ರ ನಾನೂ ನಿನ್ನ ಮುಂದ ಹೇಳ್ತಿದ್ದೆ, ಅವತ್ತ ನಾನೂ ನಕ್ಕೀನಿ ಅಂತ. ನನಗ ಮತ್ಯಾರ ಇದ್ರು ಹೇಳಾಕ?"

ಮೊರ ಅವಳ ತೊಡೆಯಿಂದ ಜಾರಿ ಅಕ್ಕಿ ಪಡಸಾಲೆಯಲ್ಲೆಲ್ಲ ಚೆಲ್ಲಿತು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ನಾನು ಅವಳ ಪಕ್ಕಕ್ಕೆ ಸರಿದು ಕೂತೆ.